ಹಡಗಿನ ಕೋಣೆಯ ಟಿವಿಗೆ ನಮ್ಮದೊಂದು ತಂತಿ

ಹಡಗಿನ ಪ್ರವಾಸ ಈಗ ನಮ್ಮ ಕಡೆಯ ಮಧ್ಯಮವರ್ಗದ ಮನೆಮಾತಿನೊಳಕ್ಕೂ ಬಂದಿದೆ. ಬೆಂಗಳೂರಿನಿಂದ ನಾಲ್ಕೂವರೆ ಗಂಟೆ ಹಾರಿದರೆ ಸಿಂಗಪುರ. ಅಲ್ಲಿ ಹಡಗು ಹತ್ತಿ, ಪೆನಾಂಗ್, ಫುಕೆಟ್ ನೋಡಿಕೊಂಡು, ಮೂರೋ ನಾಲ್ಕೋ ರಾತ್ರಿ ನೀರಿನ ಮೇಲೆ ಕಳೆದು ಬರುವ ಕುಟುಂಬಗಳು ನಮ್ಮ ನಿಮ್ಮ ಬೀದಿಯಲ್ಲೇ ಸಿಗುತ್ತವೆ. ಅಮೆರಿಕದಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಹೋದ ಹಿರಿಯರನ್ನು ಸಿಯಾಟಲ್‌ನಿಂದ ಅಲಾಸ್ಕಾ ಕಡೆಗೋ ಫ್ಲಾರಿಡಾದಿಂದ ಬಹಾಮಾಸ್ ಕಡೆಗೋ ಕರೆದುಕೊಂಡು ಹೋಗುವುದೂ ಒಂದು ಪರಿಪಾಠವೇ ಆಗಿದೆ. ಹೊರಡುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು ಗೊತ್ತಿದ್ದವೇ. ಸಸ್ಯಾಹಾರ ಸಿಗುತ್ತದೆಯೇ? ತಲೆ ಸುತ್ತುತ್ತದೆಯೇ? ವೀಸಾ ಬೇಕೇ? ಕೋಣೆಯ ಗೋಡೆಯ ಮೇಲೆ ಒಂದು ಟಿವಿ ಇರುತ್ತದಲ್ಲ, ಅದನ್ನು ನಾವು ಬಳಸಿಕೊಳ್ಳಬಹುದೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಇಂದು ಅದನ್ನೇ ಮಾತಾಡೋಣ ಎಂದುಕೊಂಡಿದ್ದೇನೆ.

ಇಷ್ಟು ಸಣ್ಣ ವಿಷಯಕ್ಕೆ ಒಂದು ಭಾಷಣವೇ ಎಂದು ಅನ್ನಿಸಬಹುದು. ಆದರೆ ಹಡಗಿನ ಸಂಜೆಗಳನ್ನು ಸ್ವಲ್ಪ ನೆನೆಸಿಕೊಳ್ಳಿ. ಹಗಲೆಲ್ಲ ಈಜುಕೊಳ, ಮೇಲಿನ ಅಂತಸ್ತು, ದಡ ಮುಟ್ಟಿದರೆ ಊರು ಸುತ್ತಾಟ. ರಾತ್ರಿ ಒಂಬತ್ತಕ್ಕೆ ಮಕ್ಕಳ ಕಾಲು ಸೋತಿರುತ್ತದೆ, ಹಿರಿಯರು ಊಟ ಮುಗಿದದ್ದೇ ಕೋಣೆ ಸೇರಬೇಕೆನ್ನುತ್ತಾರೆ. ಚಿಕ್ಕವರನ್ನು ಒಂಟಿಯಾಗಿ ಬಿಟ್ಟು ದೊಡ್ಡವರು ಹೊರಗೆ ಹೋಗುವಂತಿಲ್ಲ. ನೂರೈವತ್ತರಿಂದ ಇನ್ನೂರು ಚದರ ಅಡಿಯ ಕೋಣೆ, ಛಾವಣಿಯಿಂದ ಕೆಳಗಿಳಿಸಿದ ಮಡಚು ಮಂಚಗಳು, ನಾಲ್ಕು ಜನ. ಆ ಹೊತ್ತಿನಲ್ಲಿ ಮನೆಯವರನ್ನೆಲ್ಲ ಒಂದೇ ಕಡೆ ನೋಡುವಂತೆ ಮಾಡಬಲ್ಲ ವಸ್ತು ಆ ಟಿವಿಯೊಂದೇ. ಅದರಲ್ಲಿ ಬರುವುದೇನು? ಹಡಗಿನ ಮೂತಿಗೆ ಕಟ್ಟಿದ ಕ್ಯಾಮೆರಾದ ಚಿತ್ರ, ನಕಾಶೆಯ ಮೇಲೆ ಹಡಗು ಇರುವ ಜಾಗ, ನಾಳೆಯ ಪ್ರವಾಸದ ಜಾಹೀರಾತು, ಒಂದೆರಡು ಸುದ್ದಿವಾಹಿನಿ, ಇಂಗ್ಲಿಷಿನದೋ ಚೀನೀ ಭಾಷೆಯದೋ ಕೆಲವು ಸಿನಿಮಾ. ನಮ್ಮ ಚೀಲದಲ್ಲಿರುವ ಫೋನಿನಲ್ಲಿ, ಟ್ಯಾಬ್ಲೆಟ್ಟಿನಲ್ಲಿ ಅಂದು ತೆಗೆದ ಫೋಟೋಗಳಿರುತ್ತವೆ, ನಮ್ಮ ಭಾಷೆಯ ಚಿತ್ರವಿರುತ್ತದೆ, ಮಗುವಿನ ಆಟವಿರುತ್ತದೆ. ಇವೆರಡರ ನಡುವಿನ ದೂರ ಒಂದೆರಡು ಮೀಟರ್ ತಂತಿಯಷ್ಟೇ.

ಆ ತಂತಿಗೆ ಎಷ್ಟು ಬೆಲೆ ಕೊಡಬಹುದು ಎಂಬುದು ನನಗೆ ತಿಳಿದದ್ದು ಪೆನಾಂಗಿನಲ್ಲಿ. ಅಲ್ಲಿ ಬೆಟ್ಟದ ಇಳಿಜಾರಿನಲ್ಲಿ ಕೆಕ್ ಲೋಕ್ ಸಿ ಎಂಬ ದೊಡ್ಡ ಬೌದ್ಧ ದೇವಾಲಯವಿದೆ. ಮಂಡಿನೋವಿನ ನನ್ನ ತಾಯಿ ಒಂದಷ್ಟು ಮೆಟ್ಟಿಲು ಹತ್ತಿ, ಆಮೆಗಳ ಕೊಳದ ಹತ್ತಿರ ಕುಳಿತುಬಿಟ್ಟರು. ನಾವು ಮೇಲೆ ಹೋಗಿ ಬಂದೆವು. ಮೇಲೆ 30 ಮೀಟರ್ ಎತ್ತರದ ಕಂಚಿನ ಗ್ವಾನ್‌ಯಿನ್ ಮೂರ್ತಿಯಿದೆ, ಕರುಣೆಯ ದೇವಿ. ಇಳಿದು ಬಂದು ಫೋನಿನಲ್ಲಿ ತೋರಿಸಿದರೆ ತಾಯಿ ಕನ್ನಡಕ ಮೇಲೆ ಕೆಳಗೆ ಮಾಡಿ, ‘ಹ್ಞೂಂ, ಚೆನ್ನಾಗಿದೆ’ ಎಂದು ಫೋನು ಹಿಂದಕ್ಕೆ ಕೊಟ್ಟರು. ರಾತ್ರಿ ಕೋಣೆಯಲ್ಲಿ ಫೋನನ್ನು ಟಿವಿಗೆ ಸೇರಿಸಿ ಅದೇ ಚಿತ್ರಗಳನ್ನು ಹಾಕಿದಾಗ ಅವರು ಎದ್ದು ಕುಳಿತರು. ಮೂರ್ತಿಯ ಕೈಯಲ್ಲಿ ಏನಿದೆ, ಸುತ್ತಲಿನ ಕಂಬಗಳ ಕೆತ್ತನೆ ಎಂಥದು, ಪಕ್ಕದಲ್ಲಿ ನಿಂತವರು ಯಾರು, ಒಂದೊಂದನ್ನೂ ಕೇಳಿದರು. ಮೊಮ್ಮಗಳು ಪರದೆಯ ಹತ್ತಿರ ನಿಂತು ಬೆರಳಿಟ್ಟು ತೋರಿಸುತ್ತ, ಹತ್ತಿದ ದಾರಿಯನ್ನೆಲ್ಲ ಅಜ್ಜಿಗೆ ಹೇಳಿದಳು. ಹತ್ತಲಾಗದವರಿಗೂ ಆ ಬೆಟ್ಟ ಸಿಕ್ಕಿತು. ಅಂದಿನಿಂದ ಹಡಗಿನ ಪ್ರವಾಸಕ್ಕೆ ಹೊರಟ ಯಾರೇ ಕೇಳಲಿ, ಕೇಳದಿರಲಿ, ‘ಟಿವಿಗೆ ಹಾಕುವ ತಂತಿ ಇಟ್ಟುಕೊಂಡಿರಾ?’ ಎಂದು ನಾನೇ ಕೇಳುತ್ತೇನೆ.

ಆ ತಂತಿಯ ಹೆಸರು ಎಚ್‌ಡಿಎಂಐ. ಹಿಟಾಚಿ, ಪ್ಯಾನಾಸೋನಿಕ್, ಫಿಲಿಪ್ಸ್, ಸೋನಿ, ತೊಷಿಬಾ ಮೊದಲಾದ ಕಂಪನಿಗಳು ಸೇರಿ 2002ರ ಡಿಸೆಂಬರ್‌ನಲ್ಲಿ ಹೊರತಂದ ಏರ್ಪಾಡು ಅದು. ಹತ್ತೊಂಬತ್ತು ಪಿನ್ನುಗಳ ಒಂದೇ ತಂತಿಯಲ್ಲಿ ಚಿತ್ರವೂ ಧ್ವನಿಯೂ ಹೋಗುತ್ತದೆ. ಹಡಗುಗಳ ವಯಸ್ಸನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮುಂಬಯಿಯಿಂದ ಗೋವಾ, ಲಕ್ಷದ್ವೀಪಗಳತ್ತ ಓಡಾಡಿ ನಮ್ಮವರಿಗೆ ಪರಿಚಿತವಾದ ‘ಎಂಪ್ರೆಸ್’ ಹಡಗು 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ ಓಡಾಟ ಶುರುಮಾಡಿದ್ದು. ಮಕ್ಕಳಿರುವ ಕುಟುಂಬಗಳಿಗೆಂದೇ ಕಟ್ಟಿದ ‘ಡಿಸ್ನಿ ಮ್ಯಾಜಿಕ್’ 1998ರದ್ದು, ಅದರ ಜೋಡಿ ‘ಡಿಸ್ನಿ ವಂಡರ್’ 1999ರದ್ದು. ಇವೆಲ್ಲ ಎಚ್‌ಡಿಎಂಐಗಿಂತ ಹಿರಿಯವು. ಹಡಗು ಮೂವತ್ತು ನಲವತ್ತು ವರ್ಷ ಓಡುತ್ತದೆ, ಟಿವಿ ಅಷ್ಟು ಕಾಲ ಬಾಳುವುದಿಲ್ಲ. ನಡುನಡುವೆ ರಿಪೇರಿಗೆ ನಿಂತಾಗ ಕೋಣೆಗಳ ಟಿವಿ ಬದಲಾಗುತ್ತವೆ. ಹಾಗಾಗಿ ಹಡಗು ಹಳೆಯದು ಎಂದ ಮಾತ್ರಕ್ಕೆ ಟಿವಿಯೂ ಹಳೆಯದೆಂದುಕೊಳ್ಳಬೇಕಾಗಿಲ್ಲ. ಆದರೂ ಕೆಲವು ಕಡೆ ಹಳದಿ, ಬಿಳಿ, ಕೆಂಪು ಬಣ್ಣದ ಮೂರು ಗುಂಡುತೂತುಗಳು ಇನ್ನೂ ಸಿಗಬಹುದು. ಹಳದಿ ಚಿತ್ರಕ್ಕೆ, ಬಿಳಿ ಎಡಗಡೆಯ ಧ್ವನಿಗೆ, ಕೆಂಪು ಬಲಗಡೆಯ ಧ್ವನಿಗೆ. ಮನೆಯಲ್ಲಿ ಹಳೆಯ ಹ್ಯಾಂಡಿಕ್ಯಾಮ್ ಇದ್ದವರಿಗೆ ಆ ತಂತಿಯ ನೆನಪಿರುತ್ತದೆ. ಇಂದಿನ ಫೋನನ್ನು ಅದಕ್ಕೆ ಸೇರಿಸಲು ನಡುವೆ ಒಂದು ಪರಿವರ್ತಕ ಪೆಟ್ಟಿಗೆ ಬೇಕು, ಚಿತ್ರವೂ ಮಂಜುಮಂಜಾಗಿರುತ್ತದೆ. ಅಷ್ಟು ಕಷ್ಟಪಡುವುದು ಬೇಡವೆಂದೇ ನನ್ನ ಅಭಿಪ್ರಾಯ.

ಈಗ ಟಿವಿಯ ಹಿಂಬದಿಗೆ ಬರೋಣ. ಹಡಗು ಓಲಾಡುವುದರಿಂದ ಟಿವಿಯನ್ನು ಗೋಡೆಗೆ ಬಿಗಿಯಾಗಿ ತಿರುಪು ಹಾಕಿ ನಿಲ್ಲಿಸಿರುತ್ತಾರೆ. ಹಿಂದೆ ಎರಡು ಬೆರಳು ತೂರುವಷ್ಟು ಜಾಗ. ಮೊದಲು ಫೋನಿನ ಟಾರ್ಚ್ ಹಾಕಿ ಪಕ್ಕದಿಂದ ನೋಡಬೇಕು. ಎಚ್‌ಡಿಎಂಐ ತೂತು ಅಗಲವಾಗಿ, ಕೆಳಗಿನ ಎರಡು ಮೂಲೆ ಒಳಕ್ಕೆ ಓರೆಯಾಗಿರುತ್ತದೆ. ಒಂದರಲ್ಲಿ ಆಗಲೇ ಒಂದು ತಂತಿ ಕುಳಿತಿದ್ದರೆ ಅದು ಹಡಗಿನದೇ ಪೆಟ್ಟಿಗೆಯಿಂದ ಬಂದದ್ದು, ಅದನ್ನು ಮುಟ್ಟಬಾರದು. ಏಕೆಂದು ಆಮೇಲೆ ಹೇಳುತ್ತೇನೆ. ಪಕ್ಕದ ಅಂಚಿನಲ್ಲಿ ಇನ್ನೊಂದು ತೂತು ಇದ್ದರೆ ಅದೃಷ್ಟ. ಗೋಡೆಗೆ ಮುಖ ಮಾಡಿದ ತೂತಾದರೆ ನೇರವಾದ ಪ್ಲಗ್ಗು ಒಳಗೆ ಹೋಗುವುದಿಲ್ಲ, ತೊಂಬತ್ತು ಡಿಗ್ರಿ ಬಾಗಿದ ಒಂದು ಚಿಕ್ಕ ಜೋಡಣೆ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾವ ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ. ತಂತಿ ಎರಡು ಮೀಟರಿಗಿಂತ ಕಡಿಮೆ ಇರಬಾರದು, ಮೂರು ಮೀಟರ್ ಆದರೆ ಫೋನನ್ನು ಹಾಸಿಗೆಯ ಮೇಲೇ ಇಟ್ಟುಕೊಳ್ಳಬಹುದು. ತಂತಿಯನ್ನು ಓಡಾಡುವ ದಾರಿಗೆ ಅಡ್ಡ ಎಳೆಯಬಾರದು. ರಾತ್ರಿ ಬಚ್ಚಲಿಗೆ ಎದ್ದ ಹಿರಿಯರು ಎಡವುತ್ತಾರೆ.

ತಂತಿ ಕುಳಿತಿತು, ಆದರೆ ಚಿತ್ರ ಬರಲಿಲ್ಲ. ಹೆಚ್ಚಿನವರು ಇಲ್ಲಿಯೇ ಕೈಬಿಡುತ್ತಾರೆ. ಮನೆಯ ರಿಮೋಟಿನಲ್ಲಿ ‘ಸೋರ್ಸ್’ ಎಂದೋ ‘ಇನ್‌ಪುಟ್’ ಎಂದೋ ಒಂದು ಗುಂಡಿ ಇರುತ್ತದೆ. ಹಡಗಿನ ರಿಮೋಟಿನಲ್ಲಿ ಬಹಳ ಸಲ ಅದು ಇರುವುದೇ ಇಲ್ಲ. ಟಿವಿಯ ಕೆಳಅಂಚಿನ ನಡುವೆಯೋ ಹಿಂಬದಿಯ ಮೂಲೆಯಲ್ಲೋ ಬೆರಳಿಗೆ ತಾಗುವ ಒಂದು ಸಣ್ಣ ಗುಬುಟು ಇರುತ್ತದೆ, ಅದನ್ನು ಒತ್ತಿದರೆ ಪಟ್ಟಿ ಬರಬಹುದು. ಬಾರದಿದ್ದರೆ ಟಿವಿಗೆ ಬೀಗ ಹಾಕಿದ್ದಾರೆ ಎಂದರ್ಥ. ಸ್ಯಾಮ್‌ಸಂಗ್, ಎಲ್‌ಜಿ ಮೊದಲಾದ ಕಂಪನಿಗಳು ಹೋಟೆಲುಗಳಿಗೆ, ಹಡಗುಗಳಿಗೆ ಬೇರೆಯದೇ ಮಾದರಿಯ ಟಿವಿ ಮಾಡುತ್ತವೆ. ಅದರಲ್ಲಿ ಧ್ವನಿ ಎಷ್ಟು ಏರಬೇಕು, ಆನ್ ಮಾಡಿದೊಡನೆ ಯಾವ ವಾಹಿನಿ ಬರಬೇಕು, ಯಾವ ತೂತು ಕೆಲಸ ಮಾಡಬೇಕು ಎಂಬುದನ್ನೆಲ್ಲ ಹಡಗಿನವರು ಮೊದಲೇ ಗೊತ್ತುಮಾಡಿ ಇಡಬಹುದು.

ಬೀಗಕ್ಕೆ ಕಾರಣಗಳಿಲ್ಲದಿಲ್ಲ. ಕೋಣೆಗಳ ನಡುವಿನ ಗೋಡೆ ತೆಳು ಉಕ್ಕಿನ ಹಾಳೆಗಳದು, ನಡುವೆ ಬೆಂಕಿ ತಡೆಯುವ ಖನಿಜದ ಉಣ್ಣೆ. ಪಕ್ಕದಲ್ಲಿ ಕೂಸು ಮಲಗಿರುವಾಗ ಈ ಕಡೆ ಫೈಟಿಂಗ್ ದೃಶ್ಯ ಜೋರಾಗಿ ಹಾಕಿದರೆ ಆಗುವುದಿಲ್ಲ. ಧ್ವನಿಗೆ ಮಿತಿ ಇಡಲಿ, ಒಪ್ಪುತ್ತೇನೆ. ಒಬ್ಬರು ಇನ್‌ಪುಟ್ ಬದಲಿಸಿ ಹಾಗೆಯೇ ಬಿಟ್ಟು ಹೋದರೆ ಮುಂದೆ ಬಂದವರು ‘ಟಿವಿ ಕೆಟ್ಟಿದೆ’ ಎಂದು ಕರೆ ಮಾಡುತ್ತಾರೆ; ಸಾವಿರಾರು ಕೋಣೆಗಳ ಹಡಗಿನಲ್ಲಿ ಅದು ನಿಜವಾದ ತಲೆನೋವು. ಅದೂ ಅರ್ಥವಾಗುತ್ತದೆ. ಆದರೆ ಕೋಣೆಯ ಟಿವಿಯಲ್ಲಿ ಸಿನಿಮಾಕ್ಕೆ ಹಣ ಪಡೆಯುವ ಪದ್ಧತಿ ಇರುವ ಕಡೆ, ಆ ವ್ಯಾಪಾರಕ್ಕೆ ಪೆಟ್ಟು ಬೀಳದಿರಲಿ ಎಂದು ತೂತು ಮುಚ್ಚುವುದಿದ್ದರೆ ಅದನ್ನು ನಾನು ಒಪ್ಪಲಾರೆ. ಟಿಕೆಟ್ಟಿನ ಹಣದಲ್ಲಿ ಆ ಗೋಡೆ, ಆ ಟಿವಿ ಎಲ್ಲ ಸೇರಿದೆ. ತನ್ನ ಮಗುವಿನ ಫೋಟೋವನ್ನು ತಾನು ನೋಡಲು ಯಾರೂ ಅಪ್ಪಣೆ ಬೇಡುವಂತಿರಬಾರದು.

ಬೀಗ ತೆಗೆಯುವ ಗುಪ್ತ ಸಂಖ್ಯೆಗಳು ಇವೆ, ಈ ಗುಂಡಿ ಒತ್ತಿ ಆ ಗುಂಡಿ ಒತ್ತಿದರೆ ಒಳಗಿನ ಪಟ್ಟಿ ತೆರೆಯುತ್ತದೆ ಎಂದು ಹೇಳುವವರಿದ್ದಾರೆ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಅದು ರಿಪೇರಿಯವರ ಪಟ್ಟಿ. ಅಲ್ಲಿ ಒಂದು ಸಾಲು ತಪ್ಪಾಗಿ ಬದಲಾದರೆ ಹಡಗಿನ ವಾಹಿನಿಗಳೇ ಹೋಗಬಹುದು, ಮತ್ತು ಆ ವಾಹಿನಿಗಳು ಬರೀ ಮನರಂಜನೆಗೆ ಇರುವುದಲ್ಲ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು 32 ಜನ ಸತ್ತರು. ಅಂದೇ ಹಡಗು ಹತ್ತಿದ್ದ ಎಷ್ಟೋ ಪ್ರಯಾಣಿಕರಿಗೆ ಸುರಕ್ಷತೆಯ ತಾಲೀಮು ಇನ್ನೂ ಆಗಿರಲಿಲ್ಲ. ಆ ದುರಂತದ ಬಳಿಕ ಅಂತರರಾಷ್ಟ್ರೀಯ ನಿಯಮವೇ ಬದಲಾಯಿತು; 2015ರ ಜನವರಿ 1ರಿಂದ ಹಡಗು ಬಿಡುವ ಮೊದಲೋ ಬಿಟ್ಟ ಕೂಡಲೋ ತಾಲೀಮು ಆಗಲೇಬೇಕು. ಈಗ ಹಲವು ಹಡಗುಗಳಲ್ಲಿ ಅದರ ಮೊದಲ ಭಾಗವನ್ನು ಕೋಣೆಯ ಟಿವಿಯಲ್ಲೋ ಫೋನಿನಲ್ಲೋ ನೋಡಿ, ಬಳಿಕ ತಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಿ ಬರಬೇಕು. ಜೀವರಕ್ಷಕ ಅಂಗಿ ಹೇಗೆ ಹಾಕಬೇಕು, ಎಲ್ಲಿ ಸೇರಬೇಕು ಎಂದು ಹೇಳುವ ಪರದೆ ಅದು. ಹಡಗಿನ ಪೆಟ್ಟಿಗೆಯ ತಂತಿಯನ್ನು ಕೀಳಬೇಡಿ ಎಂದದ್ದು ಇದಕ್ಕೇ. ತಾಲೀಮು ಮುಗಿಯುವವರೆಗೆ ಟಿವಿ ಹಡಗಿನದು. ಆಮೇಲೆ ಖಾಲಿ ತೂತು ನಮ್ಮದು.

ಬೀಗ ಇದ್ದರೆ ಮಾಡಬೇಕಾದದ್ದು ಸುಲಭದ ಕೆಲಸ: ಕೆಳಗಿನ ಅಂತಸ್ತಿನ ಸ್ವಾಗತ ಕಟ್ಟೆಗೆ ಹೋಗಿ ಕೇಳುವುದು. ನಮ್ಮವರಿಗೆ ಕೇಳಲು ಸಂಕೋಚ ಜಾಸ್ತಿ. ಕೋಣೆ ನೋಡಿಕೊಳ್ಳುವ ಹುಡುಗನಲ್ಲಿ ಹೇಳಿದರೂ ನಡೆಯುತ್ತದೆ. ಕೆಲವು ಹಡಗುಗಳಲ್ಲಿ ಬೇರೆ ರಿಮೋಟು ತಂದುಕೊಡುತ್ತಾರೆ, ಕೆಲವು ಕಡೆ ತಂತ್ರಜ್ಞ ಬಂದು ಇನ್‌ಪುಟ್ ತೆರೆದು ಹೋಗುತ್ತಾನೆ. ಆಗುವುದಿಲ್ಲ ಎಂದರೂ ಕೇಳಿದ್ದರಲ್ಲಿ ನಷ್ಟವಿಲ್ಲ. ಕೇಳುವವರ ಸಂಖ್ಯೆ ಹೆಚ್ಚಿದಷ್ಟೂ ಮುಂದಿನ ಬಾರಿ ಟಿವಿ ಬದಲಿಸುವಾಗ ಅವರಿಗೆ ಅದು ನೆನಪಿರುತ್ತದೆ.

ಇನ್ನು, ತಂತಿಯ ಗೊಡವೆ ಏಕೆ, ಮನೆಯಲ್ಲಿ ಮಾಡುವಂತೆ ವೈಫೈ ಮೂಲಕವೇ ಹಾಕಬಹುದಲ್ಲ ಎಂದು ಯುವಕರು ಕೇಳುತ್ತಾರೆ. ಕ್ರೋಮ್‌ಕಾಸ್ಟ್ 2013ರಲ್ಲಿ, ಅಮೆಜಾನಿನ ಫೈರ್ ಟಿವಿ ಸ್ಟಿಕ್ 2014ರಲ್ಲಿ ಬಂದ ಮೇಲೆ ತಂತಿಯಿಲ್ಲದೆ ಚಿತ್ರ ಹಾಯಿಸುವುದು ಎಲ್ಲರಿಗೂ ರೂಢಿಯಾಗಿದೆ, ನಿಜ. ಹಡಗಿನಲ್ಲಿ ಅದಕ್ಕೆ ಮೂರು ಅಡ್ಡಿ. ಹಡಗಿನ ವೈಫೈಗೆ ಸೇರಿದೊಡನೆ ಒಂದು ಪುಟ ತೆರೆದು ಹೆಸರು, ಕೋಣೆಯ ಸಂಖ್ಯೆ ಕೇಳುತ್ತದೆ. ಅದನ್ನು ತುಂಬುವುದು ಕಡ್ಡಿಯಂಥ ಆ ಉಪಕರಣಗಳಿಗೆ ಕಷ್ಟ, ಕೆಲವಕ್ಕೆ ಸಾಧ್ಯವೇ ಇಲ್ಲ. ತುಂಬಿದರೂ, ಒಬ್ಬರ ಉಪಕರಣ ಇನ್ನೊಬ್ಬರದನ್ನು ನೋಡದಂತೆ ಹಡಗಿನ ಜಾಲವೇ ತಡೆಯುತ್ತದೆ. ಇದು ಒಳ್ಳೆಯ ಉದ್ದೇಶದ್ದೇ, ಇಲ್ಲದಿದ್ದರೆ ಪಕ್ಕದ ಕೋಣೆಯವರು ನಮ್ಮ ಟಿವಿಗೆ ಚಿತ್ರ ಕಳಿಸುತ್ತಿದ್ದರು. ಆದರೆ ಅದರಿಂದಾಗಿ ನಮ್ಮದೇ ಫೋನಿಗೆ ನಮ್ಮದೇ ಕಡ್ಡಿ ಕಾಣುವುದಿಲ್ಲ. ಮೂರನೆಯದು ಹಣ. ಎಷ್ಟು ಉಪಕರಣಕ್ಕೆ ಎಂದು ಲೆಕ್ಕ ಹಾಕಿ ಇಂಟರ್ನೆಟ್ ಮಾರುವ ಕಡೆ ಟಿವಿಯ ಕಡ್ಡಿಯೂ ಒಂದು ತಲೆ. ಸ್ವಂತ ಪುಟ್ಟ ರೌಟರ್ ಒಯ್ದು ಕೋಣೆಯೊಳಗೇ ಜಾಲ ಕಟ್ಟಿಕೊಳ್ಳುವ ಚತುರರಿದ್ದಾರೆ. ಕೆಲವು ಕಂಪನಿಗಳು ರೌಟರನ್ನೇ ನಿಷೇಧಿಸಿವೆ, ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ.

ಇಂಟರ್ನೆಟ್ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಇತ್ತೀಚೆಗೆ ಇಲ್ಲಿ ದೊಡ್ಡ ಬದಲಾವಣೆಯೇ ಆಗಿದೆ. ಮೊದಲು ನಡುಗಡಲಿನ ಹಡಗಿಗೆ ಇಂಟರ್ನೆಟ್ ಬರುತ್ತಿದ್ದುದು ಭೂಮಿಯಿಂದ 35,786 ಕಿಲೋಮೀಟರ್ ಮೇಲಿರುವ ಉಪಗ್ರಹಗಳಿಂದ. ಬೆಳಕಿನ ವೇಗದಲ್ಲಿ ಹೋದರೂ ನಮ್ಮ ಕೋರಿಕೆ ಮೇಲೆ ಹೋಗಿ ದಡಕ್ಕಿಳಿದು, ಉತ್ತರ ಅದೇ ದಾರಿಯಲ್ಲಿ ಮರಳಲು ಹತ್ತಿರ ಹತ್ತಿರ ಅರ್ಧ ಸೆಕೆಂಡು ಬೇಕು. ಸಾವಿರಾರು ಜನ ಅದನ್ನೇ ಹಂಚಿಕೊಳ್ಳಬೇಕು. ಸ್ಟಾರ್‌ಲಿಂಕ್ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲೇ ಸುತ್ತುತ್ತವೆ. ರಾಯಲ್ ಕೆರಿಬಿಯನ್ ಸಮೂಹ 2022ರಲ್ಲಿ ತನ್ನ ಹಡಗುಗಳಿಗೆ ಇದನ್ನು ಅಳವಡಿಸುವುದಾಗಿ ಸಾರಿತು, ಬೇರೆಯವರೂ ಹಿಂಬಾಲಿಸಿದರು. ಈಗ ಸಮುದ್ರದ ನಡುವೆ ಸಿನಿಮಾ ನೋಡುವುದು ಅಸಾಧ್ಯವಲ್ಲ. ಆದರೂ ನಾನು ಅದನ್ನು ನಂಬಿ ಹೊರಡುವುದಿಲ್ಲ. ಕೋಣೆ ಎಂದರೆ ಮುಚ್ಚಳ ಹಾಕಿದ ಸ್ಟೀಲ್ ಡಬ್ಬಿ. ಗೋಡೆಗೆ ಅಯಸ್ಕಾಂತ ಅಂಟುತ್ತದೆ, ಅಲೆಗಳು ದಾಟಲು ಒದ್ದಾಡುತ್ತವೆ. ಅಲ್ಲದೆ ಚಿತ್ರಗಳ ಪ್ರಸಾರದ ಹಕ್ಕು ದೇಶದಿಂದ ದೇಶಕ್ಕೆ ಬೇರೆ. ಭಾರತದ ಖಾತೆಯಲ್ಲಿ ಕಾಣುವ ಕನ್ನಡ ಚಿತ್ರ ಹಡಗಿನ ಜಾಲಕ್ಕೆ ಬಂದಾಗ ಕಾಣೆಯಾಗಬಹುದು. ಆದ್ದರಿಂದ ಬೇಕಾದದ್ದನ್ನು ಮನೆಯಲ್ಲೇ ಇಳಿಸಿಕೊಂಡು, ತಂತಿಯಲ್ಲಿ ತೋರಿಸುವುದೇ ಸರಿ ಎನ್ನುತ್ತೇನೆ. ಇಳಿಸಿಕೊಂಡ ಮೇಲೆ ಫೋನನ್ನು ವಿಮಾನದ ಮೋಡಿಗೆ ಹಾಕಿ ಒಮ್ಮೆ ತೆರೆದು ನೋಡಿ, ತೆರೆದುಕೊಂಡರೆ ಮಾತ್ರ ಅದು ನಿಮ್ಮ ಜೊತೆ ಬರುತ್ತದೆ. ಹಡಗಿನಲ್ಲೂ ಫೋನು ಅದೇ ಮೋಡಿನಲ್ಲಿರಲಿ. ಸಮುದ್ರದ ಮೇಲೆ ಹಡಗಿನದೇ ಮೊಬೈಲ್ ಜಾಲವಿರುತ್ತದೆ, ಗೊತ್ತಿಲ್ಲದೆ ಅದಕ್ಕೆ ಸಿಕ್ಕಿಕೊಂಡರೆ ಬಿಲ್ಲು ಪ್ರವಾಸದ ಸಂತೋಷವನ್ನೇ ತಿನ್ನುತ್ತದೆ.

ಎಲ್ಲ ಫೋನೂ ತಂತಿಯಲ್ಲಿ ಚಿತ್ರ ಕೊಡುವುದಿಲ್ಲ ಎಂಬುದನ್ನೂ ಮೊದಲೇ ತಿಳಿದಿರಬೇಕು. ಯುಎಸ್‌ಬಿ-ಸಿ ಎಂಬ ಚಪ್ಪಟೆ ಅಂಡಾಕಾರದ ತೂತು ಈಗ ಹೆಚ್ಚುಕಡಿಮೆ ಎಲ್ಲ ಹೊಸ ಫೋನಿನಲ್ಲೂ ಇದೆ; ಅದಕ್ಕೂ ಎಚ್‌ಡಿಎಂಐ ತಂತಿಗೂ ನಡುವೆ ಒಂದು ಜೋಡಣೆ ಬೇಕು. ನೋಡಲು ಒಂದೇ ಥರ, ಒಳಗೆ ಬೇರೆ ಬೇರೆ. 2023ರ ಐಫೋನ್ 15ರ ಸಾಲಿನವು ಚಿತ್ರ ಕೊಡುತ್ತವೆ, ಸ್ಯಾಮ್‌ಸಂಗಿನ ಗ್ಯಾಲಕ್ಸಿ ಎಸ್ ಸಾಲಿನವು ಕೊಡುತ್ತವೆ, ಬಹುಪಾಲು ಲ್ಯಾಪ್‌ಟಾಪುಗಳು ಕೊಡುತ್ತವೆ. ಕಡಿಮೆ ಬೆಲೆಯ ಬಹಳಷ್ಟು ಆಂಡ್ರಾಯ್ಡ್ ಫೋನುಗಳು ಕೊಡುವುದಿಲ್ಲ. ಅವುಗಳಲ್ಲಿ ಆ ತೂತು ಚಾರ್ಜಿಗೂ ಕಡತ ಸಾಗಿಸಲಿಕ್ಕೂ ಮಾತ್ರ. ಹಳೆಯ ಐಫೋನಿಗೆ ಲೈಟ್ನಿಂಗ್ ಪ್ಲಗ್ಗಿನ ಬೇರೆ ಜೋಡಣೆ ಬೇಕು. ಅಂಗಡಿಯವನ ಮಾತಿಗಿಂತ ನಿಮ್ಮ ಮನೆಯ ಟಿವಿ ಒಳ್ಳೆಯ ಸಾಕ್ಷಿ. ಹೊರಡುವ ಒಂದು ವಾರ ಮೊದಲೇ ಅದೇ ಫೋನು, ಅದೇ ಜೋಡಣೆ, ಅದೇ ತಂತಿ ಸೇರಿಸಿ ನೋಡಿಬಿಡಿ. ಚಿತ್ರ ಕಳಿಸುವಾಗ ಬ್ಯಾಟರಿ ಬೇಗ ಇಳಿಯುವುದರಿಂದ ಚಾರ್ಜಿಗೂ ಒಂದು ತೂತಿರುವ ಜೋಡಣೆಯನ್ನೇ ಕೊಳ್ಳಬೇಕು.

ಮನೆಯ ಪರೀಕ್ಷೆಯಲ್ಲಿ ಫೋಟೋ ಬರುತ್ತದೆ, ಸ್ವಂತ ವಿಡಿಯೊ ಬರುತ್ತದೆ, ಸಿನಿಮಾ ಹಾಕಿದರೆ ಮಾತ್ರ ಕಪ್ಪು ಪರದೆ, ಮಾತು ಕೇಳುತ್ತದೆ ಚಿತ್ರವಿಲ್ಲ. ಗಾಬರಿ ಬೇಡ. ಹಣ ಕೊಟ್ಟು ನೋಡುವ ಚಿತ್ರಗಳಿಗೆ ಎಚ್‌ಡಿಸಿಪಿ ಎಂಬ ಕಾವಲು ಇರುತ್ತದೆ, ಇಂಟೆಲ್ ಕಂಪನಿ ರೂಪಿಸಿದ್ದು. ಫೋನು, ಜೋಡಣೆ, ಟಿವಿ ಮೂರೂ ಪರಸ್ಪರ ಗುರುತು ಹೇಳಿಕೊಂಡರಷ್ಟೇ ಅದು ಚಿತ್ರವನ್ನು ಬಿಡುತ್ತದೆ. ಅಗ್ಗದ ಜೋಡಣೆಗಳು ಈ ಗುರುತಿನ ಹಂತದಲ್ಲೇ ಸೋಲುತ್ತವೆ. ಸ್ವಲ್ಪ ಹೆಚ್ಚು ಕೊಟ್ಟು ಒಳ್ಳೆಯದನ್ನು ಕೊಳ್ಳಿ ಎನ್ನುವುದು ಇದಕ್ಕಾಗಿಯೇ.

ಪೆನ್‌ಡ್ರೈವ್ ಕೂಡ ಒಂದು ದಾರಿ. ಟಿವಿಯ ಯುಎಸ್‌ಬಿ ತೂತು ತೆರೆದಿದ್ದರೆ ಫೋಟೋಗಳಿಗೆ ಅದಕ್ಕಿಂತ ಸರಳವಾದದ್ದಿಲ್ಲ. ಫ್ಯಾಟ್-32 ವಿನ್ಯಾಸದಲ್ಲಿ ಸಿದ್ಧಮಾಡಿದರೆ ಹೆಚ್ಚಿನ ಟಿವಿಗಳು ಓದುತ್ತವೆ, ಆದರೆ ಅದರಲ್ಲಿ ಒಂದೊಂದು ಕಡತ 4 ಜಿಬಿಯೊಳಗೇ ಇರಬೇಕು.

ಮಕ್ಕಳ ವಿಷಯಕ್ಕೆ ಬಂದರೆ ನಿಂಟೆಂಡೊ ಸ್ವಿಚ್. 2017ರಲ್ಲಿ ಬಂದದ್ದು, ಕೈಯಲ್ಲಿ ಹಿಡಿದೂ ಆಡಬಹುದು, ಅದರ ಪೀಠದಲ್ಲಿ ಕೂಡಿಸಿದರೆ ಟಿವಿಯಲ್ಲೂ ಆಡಬಹುದು. ಪೀಠಕ್ಕೆ ಅದರದೇ ಚಾರ್ಜರ್ ಬೇಕು, 15 ವೋಲ್ಟ್ ಕೊಡುವಂಥದ್ದು. ಸಾಮಾನುಭಾರ ಉಳಿಸಲು ಸಾದಾ 5 ವೋಲ್ಟಿನ ಫೋನ್ ಚಾರ್ಜರ್ ತಂದವರ ಮಕ್ಕಳು ಟಿವಿಯ ಮುಂದೆ ಸಪ್ಪೆಮುಖ ಹಾಕಿಕೊಂಡು ಕೂರಬೇಕಾಗುತ್ತದೆ. ಯಂತ್ರ ಚಾರ್ಜ್ ಆದೀತು, ಟಿವಿಗೆ ಚಿತ್ರ ಹೋಗುವುದಿಲ್ಲ. ಕಡಲಿನಲ್ಲಿ ಮಕ್ಕಳಿಗೆ ಆಟವೇ ಎಂದು ಹುಬ್ಬೇರಿಸುವವರಿದ್ದಾರೆ. ಅಲಾಸ್ಕಾದ ದಾರಿಯಲ್ಲಿ ಇಡೀ ದಿನ ಮಳೆ, ಮಂಜು, ಮೇಲಿನ ಅಂತಸ್ತಿಗೆ ಹೋಗಲಾಗದ ಚಳಿ ಇದ್ದಾಗ, ಅಣ್ಣ ತಂಗಿ ಒಂದೊಂದು ಕೈಹಿಡಿ ಹಿಡಿದು ಒಂದೇ ಪರದೆಯ ಮುಂದೆ ಕೂತು ಆಡುವುದು, ಇಬ್ಬರೂ ಬೇರೆ ಬೇರೆ ಫೋನಿನಲ್ಲಿ ಮುಳುಗಿರುವುದಕ್ಕಿಂತ ಸಾವಿರ ಪಾಲು ಮೇಲು. ಹಡಗು ಜಾಸ್ತಿ ತೂಗುತ್ತಿದ್ದರೆ ಮಾತ್ರ ಆಟ ಬೇಡ. ಕಣ್ಣಿಗೆ ಒಂದು ಚಲನೆ, ದೇಹಕ್ಕೆ ಇನ್ನೊಂದು ಆದಾಗ ವಾಂತಿ ಬರುತ್ತದೆ.

ಈಗ ವಿದ್ಯುತ್ತಿನ ಮಾತು. ಇದನ್ನು ಗಮನವಿಟ್ಟು ಕೇಳಬೇಕೆಂದು ಕೋರುತ್ತೇನೆ. ನಮ್ಮ ಮನೆಯಲ್ಲಿ 230 ವೋಲ್ಟ್, 50 ಹರ್ಟ್ಸ್. ಅಮೆರಿಕದ ಪ್ರಯಾಣಿಕರಿಗಾಗಿ ಓಡುವ ಹಡಗುಗಳಲ್ಲಿ ಎರಡು ಚಪ್ಪಟೆ ಕಡ್ಡಿಯ 110 ವೋಲ್ಟಿನ ಸಾಕೆಟ್ಟು, ಬಹಳ ಕಡೆ ಅದರ ಪಕ್ಕದಲ್ಲೇ ಎರಡು ದುಂಡು ಕಡ್ಡಿಯ 220 ವೋಲ್ಟಿನ ಯೂರೋಪಿನ ಸಾಕೆಟ್ಟೂ ಇರುತ್ತದೆ. ಚಾರ್ಜರಿನ ಹೊಟ್ಟೆಯ ಮೇಲೆ ಸಣ್ಣ ಅಕ್ಷರದಲ್ಲಿ 100-240 ವೋಲ್ಟ್ ಎಂದಿದ್ದರೆ ಚಿಂತೆಯಿಲ್ಲ, ಆಕಾರ ಬದಲಿಸುವ ಪ್ಲಗ್ಗು ಸಾಕು. ಫೋನು, ಲ್ಯಾಪ್‌ಟಾಪುಗಳಿಗೆ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ.

ಅಪಾಯ ಇರುವುದು ನಾವು ಎಲ್ಲಿ ಹೋದರೂ ಒಯ್ಯುವ ಆ ಉದ್ದ ಪಟ್ಟಿಯಲ್ಲಿ, ನಾಲ್ಕಾರು ತೂತಿನ, ‘ಸರ್ಜ್ ಪ್ರೊಟೆಕ್ಟರ್’ ಎಂದು ಬರೆದ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ. ಮನೆಯ ವಿದ್ಯುತ್ತಿನಲ್ಲಿ ಒಂದು ತಂತಿ ಬಿಸಿ, ಇನ್ನೊಂದು ನೆಲಕ್ಕೆ ಸೇರಿದ್ದು. ಹಡಗಿನಲ್ಲಿ ಸಾಮಾನ್ಯವಾಗಿ ಹಾಗಲ್ಲ. ಎರಡೂ ತಂತಿಗಳನ್ನು ಉಕ್ಕಿನ ಒಡಲಿನಿಂದ ಬೇರ್ಪಡಿಸಿರುತ್ತಾರೆ. ಎಲ್ಲೋ ಒಂದು ಕಡೆ ತಂತಿ ಒಡಲಿಗೆ ತಾಗಿದರೂ ಇಡೀ ಹಡಗಿನ ವಿದ್ಯುತ್ತು ಹೋಗದಿರಲಿ ಎಂಬುದಕ್ಕೆ ಈ ಏರ್ಪಾಡು. ಆದರೆ ಸರ್ಜ್ ಪ್ರೊಟೆಕ್ಟರ್ ಮಾಡಿರುವುದು ಮನೆಯ ಲೆಕ್ಕಕ್ಕೆ. ಅದರೊಳಗಿನ ಬಿಲ್ಲೆಯಂಥ ಒಂದು ಭಾಗ ಬಿಸಿತಂತಿಗೂ ನೆಲದ ತಂತಿಗೂ ನಡುವೆ ಕೂತಿರುತ್ತದೆ. ಹಡಗಿನಲ್ಲಿ ಹಾಗೆ ತಂತಿ ಒಡಲಿಗೆ ತಾಗಿದ ಹೊತ್ತಿನಲ್ಲಿ ಅದರ ಮೇಲೆ ತಾಳಲಾರದ ಒತ್ತಡ ಬಿದ್ದು, ಕಾದು, ಹೊತ್ತಿಕೊಳ್ಳಬಹುದು. ಅಮೆರಿಕದ ಕರಾವಳಿ ಕಾವಲು ಪಡೆ 2013ರಲ್ಲಿ ಈ ಬಗ್ಗೆಯೇ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು. ಹೆಚ್ಚಿನ ಕಂಪನಿಗಳು ಇದನ್ನು ನಿಷೇಧಿಸಿವೆ, ಸಾದಾ ಎಕ್ಸ್‌ಟೆನ್ಷನ್ ಬೋರ್ಡನ್ನೂ ಬಿಡದವರು ಹಲವರು. ಹತ್ತುವಾಗ ಎಕ್ಸ್‌ರೇಯಲ್ಲಿ ಕಂಡು ತೆಗೆದಿಟ್ಟರೆ ಸಿಬ್ಬಂದಿಯ ಮೇಲೆ ಸಿಟ್ಟಾಗಬೇಡಿ. ನೆಲದ ಮೇಲಾದರೆ ಬೆಂಕಿ ಬಿದ್ದ ಮನೆಯಿಂದ ಬೀದಿಗೆ ಓಡಬಹುದು. ಹಡಗಿನಲ್ಲಿ ಬೀದಿ ಇಲ್ಲ. ಯುಎಸ್‌ಬಿ ತೂತುಗಳು ಮಾತ್ರ ಇರುವ, ಸರ್ಜ್ ರಕ್ಷಣೆಯಿಲ್ಲದ ಚಾರ್ಜರನ್ನು ಸಾಮಾನ್ಯವಾಗಿ ಬಿಡುತ್ತಾರೆ, ಒಂದು ಕುಟುಂಬಕ್ಕೆ ಅದು ಸಾಕಾಗುತ್ತದೆ. ನಿಷೇಧಿತ ವಸ್ತುಗಳ ಪಟ್ಟಿ ಪ್ರತಿ ಕಂಪನಿಯದೂ ಬೇರೆ. ಟಿಕೆಟ್ಟಿನ ಜೊತೆ ಬರುವ ಆ ಪಟ್ಟಿಯನ್ನು ಓದಿಯೇ ಪೆಟ್ಟಿಗೆ ಕಟ್ಟಬೇಕು.

ಏನನ್ನು ಒಯ್ಯಬೇಕು ಎಂಬುದನ್ನು ಮನೆಯವರೆಲ್ಲ ಕೂತು ತೀರ್ಮಾನಿಸುವುದು ಚೆನ್ನ. ಹಿರಿಯರನ್ನು ಮೊದಲು ಕೇಳಿ. 1972ರ ‘ಬಂಗಾರದ ಮನುಷ್ಯ’ ಬೇಕೆನ್ನಬಹುದು, ಒಂದು ಯಕ್ಷಗಾನ ಪ್ರಸಂಗ ಬೇಕೆನ್ನಬಹುದು, ಊರಿನ ಜಾತ್ರೆಯ ವಿಡಿಯೊ ಬೇಕೆನ್ನಬಹುದು. ಅಮೆರಿಕದಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳೊಂದಿಗೆ ಹಡಗು ಹತ್ತುವ ಅಜ್ಜ ಅಜ್ಜಿಯರಿಗಂತೂ ಇದು ಬಹಳ ಮುಖ್ಯ. ಆ ಮಕ್ಕಳು ಮನೆಯಲ್ಲಿ ತಂತಮ್ಮ ಕೋಣೆಯಲ್ಲಿರುತ್ತಾರೆ, ಅಜ್ಜನ ಸಿನಿಮಾ ಅವರ ಕಣ್ಣಿಗೆ ಬೀಳುವುದಿಲ್ಲ. ಹಡಗಿನಲ್ಲಿ ಬೇರೆ ಕೋಣೆಯಿಲ್ಲ. ಅಜ್ಜ ಒಂದು ದೃಶ್ಯ ನಿಲ್ಲಿಸಿ ‘ಇದು ನಾನು ಓದುತ್ತಿದ್ದಾಗಿನ ಕಾಲದ್ದು’ ಎಂದು ಹೇಳಲು, ಮೊಮ್ಮಗ ಅದನ್ನು ಕೇಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಬಿಡುವು ಇಬ್ಬರಿಗೂ ಸಿಗುವುದು ಕಷ್ಟ.

ಹಡಗಿನ ಕಂಪನಿಗಳಿಗೆ ನನ್ನದೊಂದು ಕೋರಿಕೆಯಿದೆ. ಭಾರತದ ಕುಟುಂಬಗಳನ್ನು ಸೆಳೆಯಲು ಊಟದ ಕಟ್ಟೆ ಬದಲಿಸಿದಿರಿ, ಜೈನ ಅಡುಗೆಯನ್ನೂ ಕೊಟ್ಟಿರಿ, ಬಾಲಿವುಡ್ ಕುಣಿತ ಇಟ್ಟಿರಿ. ಇಷ್ಟು ದೇಶಗಳ, ಇಷ್ಟು ಭಾಷೆಗಳ ಜನರಿಗೆ ಬೇಕಾದ ಚಿತ್ರಗಳನ್ನೆಲ್ಲ ನೀವು ತರಿಸಲಾರಿರಿ, ಅದು ನಿಮ್ಮಿಂದ ಆಗುವ ಕೆಲಸವೂ ಅಲ್ಲ. ಒಂದು ಎಚ್‌ಡಿಎಂಐ ತೂತನ್ನು ಟಿವಿಯ ಪಕ್ಕಕ್ಕೆ ತಂದು, ಬೀಗ ಹಾಕದೆ ಬಿಡಿ. ಧ್ವನಿಯ ಮಿತಿ ಇರಲಿ, ಪ್ರಕಟಣೆ ಬಂದಾಗ ಹಡಗಿನ ವಾಹಿನಿಯೇ ಮೇಲೆ ಬರಲಿ. ಯಾವ ಹಡಗಿನ ಯಾವ ಕೋಣೆಯಲ್ಲಿ ಟಿವಿಗೆ ಸ್ವಂತ ಉಪಕರಣ ಸೇರಿಸಬಹುದು ಎಂಬುದನ್ನು ಕೋಣೆಯ ವಿವರದಲ್ಲೇ, ಮಂಚದ ಅಳತೆ ಬರೆಯುವ ಜಾಗದಲ್ಲೇ ಬರೆಯಿರಿ. ಮಿಕ್ಕದ್ದನ್ನು ತಮಿಳರು, ಗುಜರಾತಿಗಳು, ಮಲಯರು, ನಾವು ನಮ್ಮ ನಮ್ಮ ಚೀಲದಲ್ಲೇ ತರುತ್ತೇವೆ.

ಕೊನೆಯ ರಾತ್ರಿಯ ಬಗ್ಗೆ ಹೇಳಿ ಮುಗಿಸುತ್ತೇನೆ. ಇಳಿಯುವ ಹಿಂದಿನ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಬಾಗಿಲ ಹೊರಗೆ ಇಡಲು ಹೇಳುತ್ತಾರೆ, ಅವು ಮತ್ತೆ ಕೈಗೆ ಸಿಗುವುದು ದಡದಲ್ಲಿ. ತಂತಿ, ಜೋಡಣೆ, ಚಾರ್ಜರು ಕೈಚೀಲದಲ್ಲೇ ಉಳಿಯಲಿ. ಟಿವಿಯ ಹಿಂದೆ ಕೈ ಹಾಕಿ ಒಮ್ಮೆ ತಡವಿ ನೋಡಿ, ಕಡ್ಡಿಯೋ ಬಾಗಿದ ಜೋಡಣೆಯೋ ಅಲ್ಲೇ ಉಳಿಯುವುದು ಹೆಚ್ಚು. ಟಿವಿಯಲ್ಲೇ ಇರುವ ಆಪ್‌ಗಳಿಗೆ ನಿಮ್ಮ ಹೆಸರು, ಗುಪ್ತಪದ ಕೊಟ್ಟಿದ್ದರೆ ಹೊರಬಂದು ಅಳಿಸಿ. ಆಮೇಲೆ ಇನ್‌ಪುಟ್ಟನ್ನು ಹಡಗಿನ ವಾಹಿನಿಗೆ ಮರಳಿಸಿ, ರಿಮೋಟನ್ನು ಅದರ ಜಾಗದಲ್ಲಿಡಿ. ಅದೇ ಮಧ್ಯಾಹ್ನ ಆ ಕೋಣೆಗೆ ಇನ್ನೊಂದು ಕುಟುಂಬ ಬರುತ್ತದೆ, ಅವರು ಮೊದಲು ನೋಡಬೇಕಾದದ್ದು ಸುರಕ್ಷತೆಯ ತಾಲೀಮನ್ನು.